ಶಾಲೆಯ ಗಂಟೆ, ಮಗುವಿನ ಮೈ

(ದಾವಣಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಇಟ್ಟವರು ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ವೇದಿಕೆಯಲ್ಲಿ ತಮ್ಮ ಹೆಸರು ಎತ್ತಬಾರದೆಂದು ಷರತ್ತು ಹಾಕಿದ್ದಾರೆ, ಹಾಗಾಗಿ ಎತ್ತುವುದಿಲ್ಲ. ಆದರೆ ನನ್ನನ್ನು ಕರೆಯಲು ಮನೆಗೆ ಬಂದಾಗ ಅವರು ಕೇಳಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಲೇಬೇಕು. “ನಾನು ಕೆಲಸಕ್ಕೆ ಸೇರಿದಾಗ ಪ್ರಾರ್ಥನೆ ಹೊತ್ನಾಗೆ ಹುಡುಗ್ರು ಹೊಟ್ಟೆಗಿಲ್ದೆ ತಲೆ ತಿರುಗಿ ಬೀಳ್ತಿದ್ರು. ಬಿಡೋ ಹೊತ್ತಿಗೆ, ಎರಡು ಸುತ್ತು ಓಡ್ರೋ ಅಂದ್ರೆ ಏದುಸಿರು ಬಿಡೋ ಹುಡುಗ್ರು ಬಂದಿದ್ರು. ನಡುವೆ ಏನಾತು ಡಾಕ್ಟ್ರಮ್ಮ?” ಅವತ್ತು ಕಾಫಿ ಕೊಟ್ಟು ಮಾತು ಬೇರೆ ಕಡೆ ತಿರುಗಿಸಿದೆ. ಇವತ್ತು ಉತ್ತರ ಕೊಡಲು ಬಂದಿದ್ದೇನೆ.

ಒಂದು ಕುತ್ತಿಗೆಯಿಂದ ಶುರು ಮಾಡುತ್ತೇನೆ. 2021ರ ನವೆಂಬರ್ ತಿಂಗಳು. ಹನ್ನೊಂದು ವರ್ಷದ ಹುಡುಗನನ್ನು ತಾಯಿ ಕೆಮ್ಮಿಗೆಂದು ಕರೆತಂದಿದ್ದರು. ಎದೆ ನೋಡಲು ಅಂಗಿ ಬಿಚ್ಚಿಸಿದಾಗ ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪಗಿರುವ ಕಪ್ಪು ಪಟ್ಟೆ ಕಂಡಿತು. ಪಟ್ಟೆಯ ಮೇಲೆಲ್ಲ ತರಚಿದ ಗೆರೆಗಳು. “ಎಷ್ಟು ತಿಕ್ಕಿದ್ರೂ ಕೊಳೆ ಬಿಡವಲ್ದು ನೋಡ್ರಿ,” ಅಂದರು ತಾಯಿ. ಕಡಲೆಹಿಟ್ಟು ಹಚ್ಚಿದ್ದರು, ನಿಂಬೆಹಣ್ಣು ಉಜ್ಜಿದ್ದರು, ಕೊನೆಗೆ ಪಾತ್ರೆ ತಿಕ್ಕುವ ತೆಂಗಿನ ನಾರನ್ನೇ ತಂದಿದ್ದರು. ಅದು ಕೊಳೆಯಲ್ಲ. ಮೈಯಲ್ಲಿ ಬೊಜ್ಜು ಹೆಚ್ಚಾಗಿ, ಇನ್ಸುಲಿನ್ನಿನ ಮಾತನ್ನು ದೇಹ ಕೇಳದೆ ಹೋದಾಗ, ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಅದು ಹೆಚ್ಚಿದಾಗ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಮುಂದೆ ಬರಬಹುದಾದ ಸಕ್ಕರೆ ಕಾಯಿಲೆಯ ಮುನ್ಸೂಚನೆ ಅದು. ಆ ಹುಡುಗ 2020ರ ಫೆಬ್ರವರಿಯಲ್ಲಿ ಜ್ವರಕ್ಕೆ ಬಂದಿದ್ದಾಗ ನಾನೇ ಚೀಟಿಯಲ್ಲಿ ಬರೆದ ತೂಕ 33 ಕೆ.ಜಿ. ಅವತ್ತು ತಕ್ಕಡಿ ತೋರಿಸಿದ್ದು 49.

ನಾನು ಆ ತಾಯಿಗೆ ಬೈದೆ. ಮೂವತ್ತು ವರ್ಷ ಮಕ್ಕಳನ್ನು ನೋಡಿದವಳು, ತಿನ್ನಿಸಿ ತಿನ್ನಿಸಿ ಹಾಳು ಮಾಡಿದ್ದೀರಿ ಅಂದೆ. ಆಕೆ ಬಾಯಿ ಬಿಡಲಿಲ್ಲ, ಮಗನ ಅಂಗಿಯ ಗುಂಡಿ ಹಾಕುತ್ತಾ ಹಾಕುತ್ತಾ ಕಣ್ಣೀರು ಒರೆಸಿಕೊಂಡರು. ಆ ಸಂಜೆಯಿಂದ ನನ್ನನ್ನು ಕೊರೆಯುತ್ತಿರುವುದು ಇಷ್ಟೇ. ಕೊರೊನಾ ಕಾಲದ ಹತ್ತೊಂಬತ್ತು ತಿಂಗಳು ಊರಿಗೆ ಊರೇ ಬೀಗ ಹಾಕಿಕೊಂಡು ಕೂತಿತ್ತು. ಅದರ ಲೆಕ್ಕವನ್ನು ನಾನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ. ಈ ಉಪನ್ಯಾಸ ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನ.

ಕೊರೊನಾ ಬಂದೇ ನಮ್ಮ ಮಕ್ಕಳು ದಪ್ಪಗಾದರು ಎನ್ನುವವರಿದ್ದಾರೆ. ಅದು ಸರಿಯಲ್ಲ. ಇದೇ ದಾವಣಗೆರೆಯಲ್ಲಿ, ಸ್ಥಿತಿವಂತರ ಮಕ್ಕಳು ಓದುವ ಶಾಲೆಗಳಿಗೆ ನಮ್ಮ ಊರಿನ ಸಮುದಾಯ ವೈದ್ಯ ವಿಭಾಗದವರು ಹೋಗಿ 10ರಿಂದ 15 ವರ್ಷದ ಮಕ್ಕಳನ್ನು ತೂಗಿ, ಅಳೆದು, ಮನೆಯ ವಿವರ ಕೇಳಿ ಬರೆದ ಲೇಖನ 2007ರಲ್ಲೇ ಅಚ್ಚಾಯಿತು. ದೇಶದ ಸಮುದಾಯ ವೈದ್ಯರ ಪತ್ರಿಕೆಯಲ್ಲಿ ಬಂದ ಆ ಲೇಖನದ ಪ್ರಕಾರ ಬೊಜ್ಜಿದ್ದ ಮಕ್ಕಳು ಶೇ. 5.74. ನೂರಕ್ಕೆ ಹತ್ತಿರಹತ್ತಿರ ಆರು. ಮನೆಯಲ್ಲಿ ಹಿರಿಯರಿಗೂ ಬೊಜ್ಜು, ಊಟದ ನಡುವೆ ಕೊಬ್ಬು-ಸಕ್ಕರೆ ತುಂಬಿದ ತಿಂಡಿ, ಮೈಬಗ್ಗಿಸದ ದಿನಚರಿ, ಇವು ಎದ್ದು ಕಂಡ ಕಾರಣಗಳು. ಆ ಲೇಖನ ಬಂದಾಗ ನಾನೂ ಓದಿದ್ದೆ. ಶ್ರೀಮಂತರ ಮನೆಯ ತೊಂದರೆ ಎಂದು ಪುಟ ತಿರುವಿದ್ದೆ. ಆಗ ನನ್ನ ಕೋಣೆಯ ಮುಂದೆ ಸಾಲುಗಟ್ಟುತ್ತಿದ್ದವರು ಸೊರಗಿದ ಮಕ್ಕಳ ತಾಯಂದಿರು. ದಪ್ಪ ಮಗು ಬಂದರೆ ನಾವೆಲ್ಲ ಖುಷಿಪಡುತ್ತಿದ್ದೆವು. ಕೆನ್ನೆ ಹಿಂಡುತ್ತಿದ್ದೆವು. ಮೈಕೈ ತುಂಬಿಕೊಂಡಿದೆ, ದೃಷ್ಟಿ ತೆಗೀರಿ ಅನ್ನುತ್ತಿದ್ದೆವು.

ಹಸಿವನ್ನು ಕಂಡ ಸೀಮೆ ಇದು. ಹಾಗೆ ಅನ್ನುವುದರಲ್ಲಿ ತಪ್ಪು ಹುಡುಕಲಾರೆ. ನನ್ನ ಅಜ್ಜಿ ಜೋಳದ ರೊಟ್ಟಿ, ನವಣೆ ಅನ್ನ ಉಂಡು ಬೆಳೆದವಳು. ಅಕ್ಕಿಯ ಅನ್ನ ಅವಳಿಗೆ ಹಬ್ಬದ್ದು. ಲಕ್ಕವಳ್ಳಿಯ ಕಟ್ಟೆಯಿಂದ ಭದ್ರಾ ನಾಲೆ ಹರಿದುಬಂದ ಮೇಲೆ ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ಹೊಲಗಳೆಲ್ಲ ಗದ್ದೆಗಳಾದವು. ಹತ್ತಿ ಹಿಂದೆ ಸರಿಯಿತು, ನೀರು ಹತ್ತದ ಕಡೆ ಮೆಕ್ಕೆಜೋಳ ಬಂತು. ಬಡವರ ತಟ್ಟೆಗೂ ಬಿಳಿ ಅನ್ನ ಬಂದದ್ದು ಎಂಥ ನೆಮ್ಮದಿ ಎಂಬುದನ್ನು ಹಸಿದವರಷ್ಟೇ ಬಲ್ಲರು. ಆದರೆ ಅದೇ ಕಾಲದಲ್ಲಿ ಮೈಮುರಿದು ದುಡಿಯುವುದು ಕಡಿಮೆಯಾಯಿತು, ಮಕ್ಕಳದ್ದಂತೂ ಪೂರ್ತಿ ನಿಂತಿತು. ತಟ್ಟೆ ಬದಲಾದ ವೇಗಕ್ಕೆ ಮೈ ಬದಲಾಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅಪ್ಪ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ದಿನವನ್ನು ಕಾರ್ಖಾನೆಯ ಸೈರನ್ ಆಳುತ್ತಿತ್ತು. ಬೆಳಗಿನ ಸೈರನ್‌ಗೆ ಅಪ್ಪನ ಸೈಕಲ್ ಹೊರಡುತ್ತಿತ್ತು, ಅದರ ಹಿಂದೆ ನಮ್ಮ ಕಾಲುಗಳು ಶಾಲೆಯ ಕಡೆಗೆ. ಸಂಜೆಯ ಸೈರನ್ ಆಗುವತನಕ ಮನೆಗೆ ಬಾ ಎಂದು ಯಾರೂ ಕರೆಯುತ್ತಿರಲಿಲ್ಲ. ಲಗೋರಿ, ಕುಂಟಾಬಿಲ್ಲೆ, ಮರಕೋತಿ, ಗಂಡುಹುಡುಗರಿಗೆ ಚಿನ್ನಿದಾಂಡು. ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ಹುಡುಗರು ಈಜಿ, ನಡೆದು, ಆಚೆ ದಡದ ಕುಮಾರಪಟ್ಟಣಂ ಮುಟ್ಟಿ ಬರುತ್ತಿದ್ದರು. ಹರಿಹರೇಶ್ವರ ಗುಡಿಯ ಹಜಾರದ ತಣ್ಣನೆ ಕಲ್ಲಿನ ಮೇಲೆ ನಾವು ಹುಡುಗಿಯರು ಕಲ್ಲಾಟ ಆಡುತ್ತಿದ್ದೆವು. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ನನ್ನ ತರಗತಿಯಲ್ಲೇ ರಕ್ತವಿಲ್ಲದೆ ಬಿಳಚಿಕೊಂಡ ಮೂವರಿದ್ದರು. ಹನ್ನೆರಡು ತುಂಬಿದ ಹುಡುಗಿಗೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳುವುದು ಇಷ್ಟು: ಆ ದಿನಗಳಲ್ಲಿ ನಾವು ಯಾರೂ ವ್ಯಾಯಾಮ ಮಾಡಬೇಕೆಂದು ತೀರ್ಮಾನಿಸಿ ಓಡಲಿಲ್ಲ. ಊರು ನಮ್ಮನ್ನು ಓಡಿಸುತ್ತಿತ್ತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಸೈರನ್ ನಿಂತಿತು. ಮಕ್ಕಳ ಹಗಲಿಗೆ ಒಂದು ಅಂಚು ಕಟ್ಟುವ ಕೆಲಸ ಶಾಲೆಯ ಗಂಟೆಯೊಂದರ ಪಾಲಿಗೇ ಉಳಿಯಿತು.

ಕೆಲಸಕ್ಕೆಂದು ಬಂದು ನೆಲೆಸಿದ ದಾವಣಗೆರೆ ನನ್ನ ಕಣ್ಣೆದುರೇ ಬೆಳೆದ ಊರು. ಗಿರಣಿಗಳ ಊರಾಗಿದ್ದದ್ದು ಕಾಲೇಜುಗಳ ಊರಾಯಿತು. 1997ರಲ್ಲಿ ಜಿಲ್ಲಾಕೇಂದ್ರವಾಯಿತು, 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಗೇ ಸೇರಿತು. ಒಳ್ಳೆಯದಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಮಗುವಿನ ಎತ್ತರಕ್ಕೆ ಬಗ್ಗಿ ಈ ಊರನ್ನು ನೋಡಿ. ರೈಲುಹಳಿ ಊರನ್ನು ನಡುವೆ ಸೀಳಿದೆ. ಪಿ.ಬಿ. ರಸ್ತೆಯನ್ನು ಒಂಬತ್ತು ವರ್ಷದ ಹುಡುಗಿ ಒಬ್ಬಳೇ ದಾಟುವುದನ್ನು ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹಾಗಾಗಿ ಒಂದು ಕಿಲೋಮೀಟರ್ ದೂರದ ಶಾಲೆಗೂ ಆಟೊ, ವ್ಯಾನು. ಕಾಲುದಾರಿ ಇರುವಲ್ಲಿ ಬೈಕುಗಳು ನಿಂತಿರುತ್ತವೆ. ನಿಟುವಳ್ಳಿಯಲ್ಲೋ ವಿದ್ಯಾನಗರದಲ್ಲೋ ಖಾಲಿ ನಿವೇಶನಗಳು ಒಂದೊಂದಾಗಿ ಮನೆಗಳಾದಾಗ ಯಾರ ಲೆಕ್ಕದಲ್ಲೂ ಇಲ್ಲದ ಒಂದೊಂದು ಆಟದ ಬಯಲು ಹೋಯಿತು. ಉದ್ಯಾನಗಳು ಬಂದವು, ನಿಜ. ನಾನು ಬೆಳಗ್ಗೆ ನಡೆಯಲು ಹೋಗುವ ಉದ್ಯಾನದಲ್ಲಿ ಹಿರಿಯರಿಗೆ ನಡಿಗೆಯ ಪಥವಿದೆ, ಹುಲ್ಲಿನ ಮೇಲೆ ಚೆಂಡಾಡಬಾರದೆಂಬ ಫಲಕವೂ ಇದೆ. ಸಕ್ಕರೆ ಕಾಯಿಲೆ ಬಂದ ಮೇಲೆ ನಡೆಯಲು ಜಾಗವಿದೆ, ಬರದಂತೆ ಓಡಲು ಜಾಗವಿಲ್ಲ.

ತಿಂಡಿಯ ವಿಷಯಕ್ಕೆ ಬಂದರೆ ಎಲ್ಲರ ಬೆರಳೂ ಬೆಣ್ಣೆದೋಸೆಯತ್ತ ಹೋಗುತ್ತದೆ. ನಾನು ಬೆಣ್ಣೆದೋಸೆಯ ಪರ ನಿಲ್ಲುತ್ತೇನೆ. ಹರಿಹರದಿಂದ ಅಪ್ಪ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕರೆತಂದು ಕೊಡಿಸುತ್ತಿದ್ದ ದೋಸೆ, ಅದರ ಮೇಲಿನ ಬೆಣ್ಣೆಯ ಮುದ್ದೆ, ಪಕ್ಕದ ಆಲೂಗಡ್ಡೆ ಪಲ್ಯ, ಇದರಿಂದ ಯಾರ ಮಗುವಿನ ಕುತ್ತಿಗೆಯೂ ಕಪ್ಪಾಗಲಿಲ್ಲ. ಸಂಜೆಯ ಮಂಡಕ್ಕಿ ಮೆಣಸಿನಕಾಯಿಯಿಂದಲೂ ಆಗಲಿಲ್ಲ. ಅವಕ್ಕೆ ಒಂದು ಹೊತ್ತಿತ್ತು, ಒಂದು ಜಾಗವಿತ್ತು, ಅಲ್ಲಿಗೆ ನಡೆದು ಹೋಗಬೇಕಿತ್ತು, ಸರದಿ ಕಾಯಬೇಕಿತ್ತು. ಹೊತ್ತೂ ಜಾಗವೂ ಇಲ್ಲದ ತಿಂಡಿ ಐದು ಹತ್ತು ರೂಪಾಯಿಯ ಪೊಟ್ಟಣದಲ್ಲಿ ಬಂತು. ಶಾಲೆಯ ಗೇಟಿನ ಎದುರಿನ ಅಂಗಡಿಯಲ್ಲಿ ಅದು ಮಗುವಿನ ಕಣ್ಣಿನ ಎತ್ತರಕ್ಕೆ ತೂಗುತ್ತದೆ. ನೂರು ಗ್ರಾಂ ಆಲೂಗಡ್ಡೆ ಚಿಪ್ಸಿನಲ್ಲಿ 500ಕ್ಕೂ ಹೆಚ್ಚು ಕ್ಯಾಲರಿ. ಕಿರಿಯ ಪ್ರಾಥಮಿಕ ಮಗುವಿಗೆ ಮಧ್ಯಾಹ್ನದ ಬಿಸಿಯೂಟದಲ್ಲಿ ಸಿಗಬೇಕೆಂದು ಸರ್ಕಾರ ಗೊತ್ತುಮಾಡಿರುವುದು 450 ಕ್ಯಾಲರಿ, ಅದರ ಜೊತೆ 12 ಗ್ರಾಂ ಪ್ರೋಟೀನ್. ನೂರು ಗ್ರಾಂ ಚಿಪ್ಸಿನಲ್ಲಿ ಒಂದು ಊಟಕ್ಕಿಂತ ಹೆಚ್ಚು ಶಕ್ತಿ ಊಟದ ಯಾವ ಗುಣವೂ ಇಲ್ಲದೆ ಕೈಗೆ ಬರುತ್ತದೆ, ಹೊಟ್ಟೆಯೂ ತುಂಬುವುದಿಲ್ಲ. ಅರ್ಧ ಗಂಟೆಗೆ ಮಗು ಮತ್ತೆ “ಅಮ್ಮ ಹಸಿವು” ಅನ್ನುತ್ತದೆ.

ಊರು, ತಿಂಡಿಗಳಿಗೂ ಮೊದಲಿನ ಪರಿಸರ ಒಂದಿದೆ, ಅದು ತಾಯಿಯ ಗರ್ಭ. ಇದರ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ದಶಕಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು ಅದೇ ಮಕ್ಕಳನ್ನು, ಮುದುಕರಾಗುತ್ತಿದ್ದ ಆ ಮಕ್ಕಳನ್ನು, ಮನೆಮನೆಗೆ ಹೋಗಿ ಹುಡುಕಿದರು. ಹುಟ್ಟಿನ ಅಳತೆಗೂ ಮುಂದಿನ ಹೃದ್ರೋಗ, ಸಕ್ಕರೆ ಕಾಯಿಲೆಗಳಿಗೂ ನಂಟಿರುವುದು ಕಂಡಿತು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನೇ ಸೇರಿಸಿಕೊಂಡು ಹೊಸ ಅಧ್ಯಯನ ಶುರುವಾಯಿತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಬೊಜ್ಜು ಹೆಚ್ಚು, ಇನ್ಸುಲಿನ್ ಹೆಚ್ಚು ಎಂದು ಅದು ತೋರಿಸಿತು. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರ ತಂಡ ಇನ್ನೊಂದನ್ನು ಕಂಡಿತು: ನಮ್ಮ ಕೂಸುಗಳು ತೂಕದಲ್ಲಿ ಸಣ್ಣವು, ಸ್ನಾಯು ಕಡಿಮೆ, ಆದರೆ ಬಿಳಿಯರ ಕೂಸಿಗೆ ಹೋಲಿಸಿದರೆ ಚರ್ಮದಡಿಯ ಕೊಬ್ಬು ಆ ಮಟ್ಟಿಗೆ ಕಡಿಮೆಯಿಲ್ಲ. ನೋಡಲು ಸಣಕಲು, ಒಳಗೆ ಬೊಜ್ಜು. ಅರೆಹೊಟ್ಟೆಯ ಕಾಲಕ್ಕೆ ತಕ್ಕಂತೆ ಉಳಿತಾಯ ಕಲಿತು ಹುಟ್ಟಿದ ಮೈ ಇದು. ಇದನ್ನು ತಂದು ಕೂತಲ್ಲೇ ತಿನ್ನುವ ಊರಿನಲ್ಲಿ ಬೆಳೆಸಿದರೆ ಅದು ಕೂಡಿಡುವುದನ್ನು ಬಿಟ್ಟು ಬೇರೇನು ಮಾಡೀತು?

ಮಹಾಮಾರಿಯ ಹೊಸ್ತಿಲಲ್ಲಿ ನಮ್ಮ ರಾಜ್ಯ ಹೇಗಿತ್ತೆಂಬುದಕ್ಕೆ ಒಂದು ಚಿತ್ರವಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕರ್ನಾಟಕದ ಮನೆಗಳಿಗೆ ಬಂದದ್ದು 2019ರ ದ್ವಿತೀಯಾರ್ಧದಲ್ಲಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 32.9 ತೂಕವಿಲ್ಲದವರು. ಅದೇ ಪಟ್ಟಿಯಲ್ಲಿ ಅತಿತೂಕದ ಮಕ್ಕಳು ಶೇ. 3.2, ಹಿಂದಿನ ಸಮೀಕ್ಷೆಯಲ್ಲಿ ಶೇ. 2.6 ಇದ್ದದ್ದು. ಅವರ ಅಮ್ಮಂದಿರ ವಯಸ್ಸಿನ ಹೆಂಗಸರಲ್ಲಿ ಅತಿತೂಕ ಶೇ. 23.3ರಿಂದ 30.1ಕ್ಕೆ ಏರಿತ್ತು. ತಾಯಿ ದಪ್ಪ, ಮಗು ಕುಳ್ಳು, ಇಬ್ಬರೂ ಒಂದೇ ಒಲೆಯ ಅನ್ನ ಉಂಡವರು. ಇಂಥ ಮನೆಗಳನ್ನು ನಾನು ದಿನಾ ನೋಡುತ್ತೇನೆ.

ಹೀಗಿದ್ದಾಗ ಬಾಗಿಲು ಮುಚ್ಚಿತು.

2020ರ ಮಾರ್ಚ್ ಮಧ್ಯದಲ್ಲಿ ಶಾಲೆಗಳು ನಿಂತವು, 25ರಿಂದ ದೇಶವೇ ನಿಂತಿತು. ಏಪ್ರಿಲ್ ಕೊನೆಯ ಹೊತ್ತಿಗೆ ಹಸಿರು ವಲಯದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಆಮೇಲೆ ಬಾಷಾನಗರ, ಜಾಲಿನಗರಗಳ ಓಣಿಗಳಿಗೆ ತಡೆ ಕಟ್ಟಿದ್ದನ್ನು ನೀವು ಮರೆತಿಲ್ಲ. ಹತ್ತು ವರ್ಷದೊಳಗಿನ ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಕೇಂದ್ರ ಗೃಹ ಇಲಾಖೆಯೇ ಹೇಳಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಬಂತು, ಮೇಷ್ಟ್ರುಗಳು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ಅಕ್ಟೋಬರ್‌ಗೆ ಅದನ್ನೂ ನಿಲ್ಲಿಸಬೇಕಾಯಿತು. ದೊಡ್ಡ ತರಗತಿಗಳು ನಡುವೆ ತೆರೆದವು, ಎರಡನೆಯ ಅಲೆಗೆ ಮತ್ತೆ ಮುಚ್ಚಿದವು. ಒಂದರಿಂದ ಐದನೆಯ ತರಗತಿಯವರು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು. ಒಂದನೆಯ ತರಗತಿಯ ಮಗು ಮೂರನೆಯದಕ್ಕೆ ಬಂದಿತ್ತು.

ಇಲ್ಲಿ ಸ್ವಲ್ಪ ದೂರದ ಒಂದು ಸಂಗತಿ ಹೇಳುತ್ತೇನೆ. ನನ್ನ ಕಣ್ಣು ತೆರೆಸಿದ್ದು ಅದು. ಅಮೆರಿಕದಲ್ಲಿ 2010ರಲ್ಲಿ ಶಿಶುವಿಹಾರಕ್ಕೆ ಸೇರಿದ 18 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಎರಡನೆಯ ತರಗತಿ ಮುಗಿಸುವತನಕ ವರ್ಷಕ್ಕೆ ಎರಡು ಬಾರಿ, ಶಾಲೆ ತೆರೆದಾಗ ಮತ್ತು ಮುಗಿಯುವಾಗ, ತೂಗಿದರು. ಬೊಜ್ಜಿನ ಮಕ್ಕಳು ಶೇ. 8.9ರಿಂದ 11.5ಕ್ಕೆ ಏರಿದ್ದರು. ಆ ಏರಿಕೆ ಯಾವ ತಿಂಗಳುಗಳಲ್ಲಿ ಆಯಿತು ಎಂದು ಬಿಡಿಸಿ ನೋಡಿದರೆ, ಅಷ್ಟೂ ಬೇಸಿಗೆ ರಜೆಗಳಲ್ಲೇ ಆಗಿತ್ತು. ಶಾಲೆ ನಡೆಯುವಾಗ ಒಂದಿಷ್ಟೂ ಇಲ್ಲ. ರಜೆಯೆಂದರೆ ಆಟ, ಶಾಲೆಯೆಂದರೆ ಕೂರುವುದು ಎಂದಲ್ಲವೇ ನಾವೆಲ್ಲ ಅಂದುಕೊಂಡದ್ದು? ಆದರೆ ಮಗುವಿನ ಮೈಯನ್ನು ಕಾಯುವುದು ಡ್ರಿಲ್ ಪೀರಿಯಡ್ಡೊಂದೇ ಅಲ್ಲ. ಹೊತ್ತಿಗೆ ಏಳುವುದು, ಶಾಲೆಗೆ ಹೋಗುವುದು, ಮೂರು ಗಂಟೆ ಏನೂ ಬಾಯಿಗೆ ಹಾಕದೆ ಇರುವುದು, ಗಂಟೆ ಹೊಡೆದಾಗ ಓಡುವುದು, ಎಲ್ಲರ ಜೊತೆ ಕೂತು ಉಣ್ಣುವುದು, ರಾತ್ರಿ ನಾಳೆಗೆಂದು ಬೇಗ ಮಲಗುವುದು. ಇವೆಲ್ಲವನ್ನೂ ಶಾಲೆಯ ಗಂಟೆ ಯಾರಿಗೂ ಗೊತ್ತಾಗದಂತೆ ಮಾಡಿಸುತ್ತಿತ್ತು. ಮಹಾಮಾರಿ ಅಂದರೆ ಆಟದ ಬಯಲೂ ಇಲ್ಲದ, ಅಜ್ಜಿಯ ಊರೂ ಇಲ್ಲದ ಹತ್ತೊಂಬತ್ತು ತಿಂಗಳ ಬೇಸಿಗೆ ರಜೆ.

ತೂಗಿ ನೋಡಿದ ದೇಶಗಳಲ್ಲಿ ಸಿಕ್ಕ ಅಂಕಿಗಳು ಇದನ್ನೇ ಹೇಳಿದವು. ಅಮೆರಿಕದಲ್ಲಿ 4,32,302 ಮಕ್ಕಳ ದಾಖಲೆ ನೋಡಿದಾಗ, ಎತ್ತರಕ್ಕೆ ಹೋಲಿಸಿದ ತೂಕ ಏರುವ ವೇಗ ಮಹಾಮಾರಿಯ ಮೊದಲ ತಿಂಗಳುಗಳಲ್ಲಿ ಹತ್ತಿರಹತ್ತಿರ ಎರಡು ಪಟ್ಟಾಗಿತ್ತು, ಬೊಜ್ಜು ಶೇ. 19.3ರಿಂದ 22.4ಕ್ಕೆ ಏರಿತ್ತು. ಇಂಗ್ಲೆಂಡಿನಲ್ಲಿ ಶಾಲೆಗೆ ಆಗಷ್ಟೇ ಸೇರಿದ ನಾಲ್ಕೈದು ವರ್ಷದವರಲ್ಲಿ ಬೊಜ್ಜು ಒಂದೇ ವರ್ಷದಲ್ಲಿ ಶೇ. 9.9ರಿಂದ 14.4ಕ್ಕೆ ಹಾರಿತು. ಅಲ್ಲಿ ಬಡ ಬಡಾವಣೆಗಳ ಮಕ್ಕಳಲ್ಲಿ ಬೊಜ್ಜು ಶ್ರೀಮಂತ ಬಡಾವಣೆಗಳ ಎರಡು ಪಟ್ಟಿಗೂ ಮಿಗಿಲು. ಆ ಮಕ್ಕಳ ತಾಯಂದಿರೆಲ್ಲ ಒಂದೇ ವರ್ಷದಲ್ಲಿ ಕೆಟ್ಟ ತಾಯಂದಿರಾಗಿಬಿಟ್ಟರೇ?

ನಮ್ಮಲ್ಲಿ ಇದನ್ನು ಮೊದಲು ಕಂಡವರು ದರ್ಜಿಗಳು. ಮಂಡಿಪೇಟೆಯ ಹತ್ತಿರ ನಲವತ್ತು ವರ್ಷದಿಂದ ಸಮವಸ್ತ್ರ ಹೊಲಿಯುವ ಒಬ್ಬರು ನನಗೆ ಪರಿಚಯ. ಶಾಲೆ ತೆರೆದ ಆ ದಿನಗಳಲ್ಲಿ ಅವರ ಅಂಗಡಿಗೆ ಹೋಗಿದ್ದೆ. “ಎರಡು ವರ್ಷ ಬಿಟ್ಟು ಬಂದ ಹುಡುಗ್ರ ಪ್ಯಾಂಟಿಗೆ ಯಾವಾಗ್ಲೂ ಕೆಳಗೆ ಮಡಿಕೆ ಬಿಚ್ತೀವ್ರೀ. ಈ ಸಲ ಕೆಲವರದ್ದು ಕೆಳಗೆ ಬಿಚ್ಚೋದಲ್ಲ, ಸೊಂಟ ಬಿಚ್ಚು ಅಂತಾರೆ. ಇನ್ನು ಕೆಲವರದ್ದು ಏನೂ ಬಿಚ್ಚೋದೇ ಬ್ಯಾಡ, ಹಳೇದೇ ಆಗ್ತೈತೆ.” ಟೇಪು ಕೊರಳಿಗೆ ಹಾಕಿಕೊಂಡ ಆ ಹಿರಿಯರು ಎರಡು ಮಾತಿನಲ್ಲಿ ನನ್ನ ಇಡೀ ವಿಷಯ ಹೇಳಿಬಿಟ್ಟಿದ್ದರು.

ಸೊಂಟ ಬಿಚ್ಚಿಸಿದ ಮಗು ಎಲ್ಲಿದ್ದದ್ದು? ಎಂ.ಸಿ.ಸಿ. ಬಡಾವಣೆಯ ಮಹಡಿ ಮನೆಯಲ್ಲೂ ಇದ್ದೀತು, ಎರಡು ಕೋಣೆಯ ಬಾಡಿಗೆ ಮನೆಯಲ್ಲೂ ಇದ್ದೀತು. ಬೆಳಗ್ಗೆ ಒಂಬತ್ತಕ್ಕೆ ಎಬ್ಬಿಸಿ ಹಾಸಿಗೆಯ ಮೇಲೇ ಮೊಬೈಲು ಕೊಟ್ಟರೆ ಅದೇ ಶಾಲೆ. ಪಾಠ ಮುಗಿದ ಮೇಲೂ ಮೊಬೈಲು ಕೈಯಲ್ಲೇ. ಅಡುಗೆಮನೆ ಹತ್ತು ಹೆಜ್ಜೆ. ಹೊರಗೆ ಹೋಗಲಾಗದ ಮಗುವಿಗೆ ಸಂತೋಷ ಕೊಡಲು ತಾಯಿಯ ಕೈಲಿದ್ದದ್ದು ಒಲೆಯೊಂದೇ. ಯೂಟ್ಯೂಬ್ ನೋಡಿ ಕುಕ್ಕರಿನಲ್ಲಿ ಕೇಕ್ ಮಾಡಿದರು, ಸಂಜೆ ಬಜ್ಜಿ ಕರಿದರು. ಅಂಗಡಿ ತೆರೆಯುತ್ತಿದ್ದದ್ದು ಬೆಳಗ್ಗೆ ಕೆಲವೇ ಗಂಟೆ, ತರಕಾರಿ ಎರಡು ದಿನಕ್ಕೆ ಬಾಡುತ್ತದೆ, ಪೊಟ್ಟಣ ಆರು ತಿಂಗಳಿಗೂ ಕೆಡುವುದಿಲ್ಲ. ಚೀಲ ತುಂಬುವವರು ಯಾವುದನ್ನು ತುಂಬುತ್ತಾರೆ? ದಾನಿಗಳು ಹಂಚಿದ ಕಿಟ್‌ಗಳಲ್ಲೂ ಬಿಸ್ಕತ್ತು ಇರುತ್ತಿತ್ತು. ಕೊಟ್ಟವರ ಮನಸ್ಸು ದೊಡ್ಡದು, ಅದನ್ನು ನೆನೆಯುತ್ತೇನೆ. ಆದರೆ ಸೀಲ್‌ಡೌನ್ ಆದ ಓಣಿಯಲ್ಲಿ, ಒಂದೇ ಕೋಣೆಯಲ್ಲಿ ಆರು ಜನ ಇದ್ದ ಮನೆಯಲ್ಲಿ, ಅಳುವ ಮಗುವನ್ನು ಸುಮ್ಮನಿರಿಸಿದ್ದೂ ಅದೇ ಬಿಸ್ಕತ್ತು.

ಹಳೆಯ ಬಟ್ಟೆಯೇ ಸಾಕಾದ ಮಗುವಿನ ಕಥೆ ಬೇರೆ. ಅದು ಬಿಸಿಯೂಟದ ಮಗು. ಶಾಲೆಯಲ್ಲಿ ಬೇಯಿಸಿದ ಅನ್ನ, ಸಾರು, ವಾರಕ್ಕೆ ಐದು ದಿನ ಹಾಲು, ಒಟ್ಟಿಗೆ ಸಾಲಾಗಿ ಕೂತು ಉಣ್ಣುವ ಹೊತ್ತು, ಇವೆಲ್ಲ ನಿಂತು ಮನೆಗೆ ಅಕ್ಕಿ ಬೇಳೆ ಬಂತು. ಅಕ್ಕಿ ಮನೆಗೆ ಬಂದರೆ ಅದು ಮಗುವಿನ ಅಕ್ಕಿಯಲ್ಲ, ಮನೆಯ ಅಕ್ಕಿ. ಅಪ್ಪನಿಗೆ ಕೂಲಿ ನಿಂತ ಮನೆಯಲ್ಲಿ ಎಲ್ಲರಿಗೂ ಹಂಚಿ ಉಳಿದದ್ದು ಆ ಮಗುವಿನದು. ಒಂದೇ ಬೀಗ ಒಂದು ಮಗುವನ್ನು ಉಬ್ಬಿಸಿತು, ಇನ್ನೊಂದನ್ನು ಕುಗ್ಗಿಸಿತು. ಅದಕ್ಕೇ ನಾನು ಬೊಜ್ಜಿನ ಬಗ್ಗೆ ಮಾತಾಡುವಾಗ ಹಸಿವನ್ನು ಬಿಟ್ಟು ಮಾತಾಡಲಾರೆ. ಮಕ್ಕಳಿಗೆ ಮೊಟ್ಟೆ ಕೊಟ್ಟರೆ ದಪ್ಪಗಾಗುತ್ತಾರೆ ಎಂದು ಯಾರೋ ಒಂದು ಸಭೆಯಲ್ಲಿ ಹೇಳಿದ್ದನ್ನು ಕೇಳಿ ನನಗೆ ಸಂಕಟವಾಗಿತ್ತು. ಮೊಟ್ಟೆಯಿಂದ ಯಾವ ಮಗುವೂ ಬೊಜ್ಜು ಬೆಳೆಸಿಕೊಳ್ಳುವುದಿಲ್ಲ. ಮೊಟ್ಟೆ, ಕಾಳು, ಹಾಲು ಸಿಗದ ಮಗು ಎತ್ತರಕ್ಕೆ ಬೆಳೆಯುವುದನ್ನು ನಿಲ್ಲಿಸುತ್ತದೆ, ಮುಂದೆ ಅನ್ನ-ಎಣ್ಣೆ-ಸಕ್ಕರೆ ಸಿಕ್ಕಾಗ ಅಡ್ಡಕ್ಕೆ ಬೆಳೆಯುತ್ತದೆ.

ಇನ್ನೊಂದು ನೋವು. ಶಾಲೆ ತೆರೆದ ಮೇಲೆ ದಪ್ಪಗಾಗಿ ಬಂದ ಮಕ್ಕಳನ್ನು ‘ಡುಮ್ಮ’, ‘ಡುಮ್ಮಿ’ ಎಂದು ಕರೆದರು. ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ನನ್ನ ಬಳಿ ಬಂದ ಹತ್ತು ವರ್ಷದ ಹುಡುಗಿಯೊಬ್ಬಳು ವಾರ್ಷಿಕೋತ್ಸವದ ಕುಣಿತದಿಂದ ತನ್ನನ್ನು ಕೈಬಿಟ್ಟರೆಂದು ಊಟ ಬಿಟ್ಟಿದ್ದಳು. ರಾತ್ರಿ ಕದ್ದು ತಿನ್ನುತ್ತಿದ್ದಳು. ಓಡಬೇಕಾದ ಮಗುವನ್ನೇ ಅಂಗಳದಿಂದ ಹೊರಗಿಟ್ಟರೆ ಅದು ಓಡುವುದೆಲ್ಲಿ? ಶಿಕ್ಷಕರಲ್ಲಿ ನನ್ನ ಬೇಡಿಕೆ ಇದೊಂದೇ: ತೂಕ ನೋಡಿ, ಆದರೆ ತರಗತಿಯ ಎದುರು ಕೂಗಿ ಹೇಳಬೇಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಿಗೆ ಬರುತ್ತವೆ. ಅವರು ಬರೆದಿಟ್ಟ ಎತ್ತರ-ತೂಕವನ್ನು ಮಗುವಿನ ಪೋಷಕರಿಗೆ ಒಂದು ಚೀಟಿಯಲ್ಲಿ ಕೊಡಿ. ಕುತ್ತಿಗೆಯ ಹಿಂದೆ ಕಪ್ಪು ಕಂಡರೆ ನಾರು ತಿಕ್ಕಬೇಡಿ, ಆಸ್ಪತ್ರೆಗೆ ಕರೆತನ್ನಿ ಎಂದು ಹೇಳಿ.

ಪಾಲಿಕೆಯವರು ಇಲ್ಲಿದ್ದಾರೆಂದು ಕೇಳಿದೆ. ಅವರಿಗೆ ಹೇಳುವುದು ಸ್ವಲ್ಪ ಹೆಚ್ಚಿದೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂಬ ನಿಯಮವನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ಹೊರಡಿಸಿದೆ. ಗೇಟಿನೆದುರು ಡಬ್ಬಿಯಂಗಡಿ ಇಟ್ಟ ಹೆಂಗಸಿನ ಹೊಟ್ಟೆಗೆ ಹೊಡೆಯಿರಿ ಎಂದು ನಾನು ಕೇಳುತ್ತಿಲ್ಲ. ಆಕೆಯ ಅಂಗಡಿಯಲ್ಲಿ ಶೇಂಗಾ, ಹುರಿಗಡಲೆ, ಬಾಳೆಹಣ್ಣು, ಪೇರಲ, ಹದವಾಗಿ ಕಲಸಿದ ಖಾರ ಮಂಡಕ್ಕಿ ಮಾರಲು ನೆರವು ಕೊಡಿ; ಈ ಊರಲ್ಲಿ ಮಂಡಕ್ಕಿಗೆ ಬರವೇ? ಶಾಲೆಯ ಸುತ್ತ ಕಾಲು ಕಿಲೋಮೀಟರ್ ಬೆಳಗ್ಗೆ ಸಂಜೆ ಅರ್ಧ ಗಂಟೆ ವಾಹನ ನಿಲ್ಲಿಸಿ, ವ್ಯಾನುಗಳು ಅಲ್ಲೇ ಇಳಿಸಲಿ, ಮಕ್ಕಳು ನಡೆಯಲಿ. ಉದ್ಯಾನದ ಆ ಫಲಕ ತೆಗೆಯಿರಿ. 5ರಿಂದ 17 ವರ್ಷದವರು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಅರವತ್ತು ನಿಮಿಷಕ್ಕೆ ಜಾಗವೆಲ್ಲಿ ಎಂದು ವಾರ್ಡುವಾರು ನಕ್ಷೆ ಹಾಸಿಕೊಂಡು ನೋಡಿ. ಹೈಸ್ಕೂಲ್ ಮೈದಾನ ಒಂದೇ ಇಡೀ ಊರಿನ ಮಕ್ಕಳನ್ನು ಸಾಕಲಾರದು. ಹೆಣ್ಣುಮಕ್ಕಳಿಗಂತೂ ದೀಪವಿರುವ, ಶೌಚಾಲಯವಿರುವ, ಮನೆಯಿಂದ ಕೂಗಿದರೆ ಕೇಳಿಸುವ ಅಂಗಳ ಬೇಕು.

ಅಂಥ ಅಂಗಳಗಳು ಈಗಾಗಲೇ ಇವೆ ಎಂಬುದು ನನಗೆ ಹೊಳೆದದ್ದು ಇತ್ತೀಚೆಗೆ. ಪ್ರತಿ ಬಡಾವಣೆಯಲ್ಲೂ ಒಂದು ಶಾಲೆಯಿದೆ, ಅದಕ್ಕೊಂದು ಬಯಲಿದೆ, ಸಂಜೆ ನಾಲ್ಕೂವರೆಗೆ ಅದರ ಗೇಟಿಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮೇಲೆ ಅದೇ ಮಕ್ಕಳು ಗೇಟಿನ ಹೊರಗೆ, ಬೈಕುಗಳ ನಡುವೆ, ಅರ್ಧ ಇಟ್ಟಿಗೆಯನ್ನು ಸ್ಟಂಪು ಮಾಡಿಕೊಂಡು ಕ್ರಿಕೆಟ್ ಆಡುತ್ತಾರೆ. ನನ್ನ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಜೊತೆ ಮೂರು ಸಲ ಕೂತು ಮಾತಾಡಿದೆ. ಅವರ ಭಯ ನ್ಯಾಯವಾದದ್ದೇ: ಗಾಜು ಒಡೆದರೆ, ಮಗು ಬಿದ್ದರೆ, ಕುಡುಕರು ನುಗ್ಗಿದರೆ ಹೊಣೆ ಯಾರದು? ಕಾವಲುಗಾರ ಎರಡು ಗಂಟೆ ಹೆಚ್ಚು ನಿಂತರೆ, ಜೊತೆಗೆ ಬೀದಿಯ ಇಬ್ಬರು ಹಿರಿಯರು ಕೂತರೆ ತೆರೆಯುತ್ತೇನೆ ಅಂದಿದ್ದಾರೆ. ದತ್ತಿ ಇಟ್ಟ ಮೇಷ್ಟ್ರು ಒಬ್ಬ ಹಿರಿಯರಾಗಿ ಬಂದು ಕೂರಲು ಒಪ್ಪಿದ್ದಾರೆ, ಸೀಟಿ ತಮ್ಮದೇ ತರುತ್ತಾರಂತೆ. ಇನ್ನೊಬ್ಬಳು ನಾನು. ಈ ಉಪನ್ಯಾಸಕ್ಕೆ ನನಗೆ ಕೊಟ್ಟ ಸಂಭಾವನೆಯಲ್ಲಿ ಕಾವಲುಗಾರನ ಎರಡು ಗಂಟೆಯ ಹೆಚ್ಚುವರಿ ಕೂಲಿ ಮೂರು ತಿಂಗಳಿಗೆ ಸಾಲುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ.

ಸೋಮವಾರದಿಂದ ಆ ಗೇಟು ಆರೂವರೆಯವರೆಗೆ ತೆರೆದಿರುತ್ತದೆ. ಕುತ್ತಿಗೆಯ ಹುಡುಗ ಅದೇ ಬೀದಿಯವನು. ಅವನ ತಾಯಿಗೆ ನಿನ್ನೆ ನಾನೇ ಮನೆಗೆ ಹೋಗಿ ಹೇಳಿ ಬಂದೆ. ನಾಲ್ಕನೆಯ ತಿಂಗಳಿನ ಕೂಲಿ ಯಾರು ಕೊಡುತ್ತೀರಿ, ವಾರದಲ್ಲಿ ಯಾವ ದಿನ ಬಂದು ಕೂರುತ್ತೀರಿ ಎಂಬುದನ್ನು ಬಾಗಿಲ ಹತ್ತಿರದ ಮೇಜಿನ ಮೇಲಿಟ್ಟಿರುವ ಪುಸ್ತಕದಲ್ಲಿ ಬರೆದು ಹೋಗಿ.